ಡ್ಯಾಫ್ನಿಯಾ ಲುಮ್‌ಹೋಲ್ಟ್ಜಿ ಅನ್ನೋ ನೀರುಚಿಗಟ ಎಲ್ಲೆಲ್ಲಿ ಸಿಗುತ್ತದೆ?

ಇದರ ತವರು ಆಫ್ರಿಕಾ, ಆಸ್ಟ್ರೇಲಿಯಾ ಮತ್ತು ನಮ್ಮ ಭಾರತವೂ ಸೇರಿ ಏಷ್ಯಾದ ಬೆಚ್ಚಗಿನ ಭಾಗಗಳು. ಚಿಗಟ ಅಂತ ಹೆಸರಷ್ಟೇ, ಕಚ್ಚೋದಿಲ್ಲ, ಸಿಗಡಿಯ ದೂರದ ನೆಂಟ. ಕೆರೆ, ಸರೋವರ, ಅಣೆಕಟ್ಟಿನ ಹಿನ್ನೀರು, ನಿಧಾನವಾಗಿ ಹರಿಯುವ ನದಿ ಇದಕ್ಕೆ ಇಷ್ಟ. ನೀರು 25 ಡಿಗ್ರಿ ದಾಟಿದ ಮೇಲೆ, ಬೇರೆ ಡ್ಯಾಫ್ನಿಯಾಗಳು ಸೆಕೆಗೆ ಸೋತು ಕಡಿಮೆಯಾಗುವ ಹೊತ್ತಿಗೆ, ಇದು ಜಾಸ್ತಿಯಾಗುತ್ತದೆ.

ಒಂದು ಹನಿ ನೀರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ತಲೆಯ ಮೇಲೆ ಚೂಪು ಕೊಂಬು, ಹಿಂದೆ ಮೈಯಷ್ಟೇ ಉದ್ದದ ಮುಳ್ಳು ಕಾಣುತ್ತದೆ. ಮರಿಮೀನುಗಳಿಗೆ ಇದನ್ನು ನುಂಗೋದು ಕಷ್ಟ, ಅಲ್ವಾ!

ಇದು ಮೊದಲು ಗೊತ್ತಾದ ಕಥೆ ಮಜವಾಗಿದೆ. ಕಾರ್ಲ್ ಲುಮ್‌ಹೋಲ್ಟ್ಜ್ ಎಂಬ ಅನ್ವೇಷಕ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಿಂದ ತಂದ ಒಣ ಕೆಸರಿಗೆ ನಾರ್ವೆಯಲ್ಲಿ ಪ್ರಾಣಿಶಾಸ್ತ್ರಜ್ಞ ಜಿ. ಓ. ಸಾರ್ಸ್ ನೀರು ಹಾಕಿದರು, ಮೊಟ್ಟೆ ಒಡೆದು ಮರಿ ಬಂತು, 1885ರಲ್ಲಿ ಹೆಸರಿಟ್ಟರು. ಹೀಗೆ ಒಣಗಿದರೂ ಸಾಯದ ಮೊಟ್ಟೆ ಇರೋದರಿಂದಲೇ ಬೇಸಿಗೆಯಲ್ಲಿ ಬತ್ತುವ ನೀರಿನಲ್ಲೂ ಇದು ಬದುಕುತ್ತದೆ.

1990ರ ದಶಕದ ಶುರುವಿನಲ್ಲಿ ಅಮೆರಿಕದ ಟೆಕ್ಸಾಸ್ ಕಡೆ ಕಾಣಿಸಿಕೊಂಡಿತು. ಸಾಕಲು ತಂದ ಮೀನಿನ ಜೊತೆ ಬಂದಿರಬೇಕು ಅನ್ನೋದು ಒಂದು ಊಹೆ. ದಶಕ ಮುಗಿಯುವಷ್ಟರಲ್ಲಿ ಅಮೆರಿಕ-ಕೆನಡಾ ಗಡಿಯ ಈರಿ ಸರೋವರದವರೆಗೂ ತಲುಪಿತ್ತು. ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗೋಕೆ ದೋಣಿಗಳ ತಳದಲ್ಲಿ ಉಳಿದ ನೀರೇ ಸಾಕು ಇದಕ್ಕೆ.