ಬ್ಲಾಕ್ ಲೆಕ್ಕ ನೋಡಿ ಸ್ವಾರ್ಥಿ ಅನ್ನಬೇಡಿ

ಸರ್, ‘ಬ್ಯಾಸ್ಕೆಟ್‌ಬಾಲ್ ಆಟಗಾರ ವೆಂಬನ್ಯಾಮಾಗೆ ಗೆಲುವು ಬೇಕಾ, ಬರೀ ತನ್ನ ಪಾಯಿಂಟ್, ಬ್ಲಾಕ್ ಲೆಕ್ಕ ಬೇಕಾ’ ಅಂತ ಕೇಳಿದ್ದೀರಿ. 2023-24ರಲ್ಲಿ, ಅವನ ಮೊದಲ ಸೀಸನ್ನಿನಲ್ಲೇ, ಬ್ಲಾಕ್‌ನಲ್ಲಿ, ಅಂದರೆ ಎದುರಾಳಿಯ ಶಾಟನ್ನು ಗಾಳಿಯಲ್ಲೇ ತಡೆಯುವುದರಲ್ಲಿ, ಇಡೀ ಎನ್‌ಬಿಎಗೆ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ಅವನೇ ಮೊದಲು. ಆದರೆ ಅವನ ಸ್ಪರ್ಸ್ ತಂಡ 82 ಪಂದ್ಯದಲ್ಲಿ ಗೆದ್ದಿದ್ದು 22 ಮಾತ್ರ. ನಿಮ್ಮ ಅನುಮಾನಕ್ಕೆ ಇದೇ ಕಾರಣ, ಅಲ್ವಾ?

ಆ ತಂಡ ಆಗ ತೀರಾ ಎಳೆಯದು. ಸೀಸನ್ ಶುರುವಿನಲ್ಲಿ ಫಾರ್ವರ್ಡ್ ಆಗಿದ್ದ ಜೆರೆಮಿ ಸೋಹಾನ್‌ನನ್ನು ಪಾಯಿಂಟ್ ಗಾರ್ಡ್ (ಬಾಲ್ ಹಂಚಿ ಆಟ ನಡೆಸುವವನು) ಮಾಡಿ ಪ್ರಯೋಗ ನಡೆಸಿದರು. ಸರಿಯಾದ ಸಮಯಕ್ಕೆ ಬಾಲ್ ಕೊಡುವವರೇ ಇಲ್ಲದಿದ್ದರೆ ಏಳಡಿ ದಾಟಿದ ಹುಡುಗ ಏನು ಮಾಡುತ್ತಾನೆ?

ಲೆಕ್ಕಕ್ಕಾಗಿ ಆಡುವುದು ಅಂದರೆ ರಿಕಿ ಡೇವಿಸ್ ಮಾಡಿದ್ದು. 2003ರಲ್ಲಿ ಟ್ರಿಪಲ್ ಡಬಲ್‌ಗೆ (ಒಂದೇ ಪಂದ್ಯದಲ್ಲಿ ಮೂರು ಲೆಕ್ಕಗಳಲ್ಲಿ ಹತ್ತು ದಾಟುವುದು ಅಥವಾ ಮುಟ್ಟುವುದು) ಒಂದು ರೀಬೌಂಡ್ (ತಪ್ಪಿದ ಶಾಟಿನ ಬಾಲ್ ಹಿಡಿಯುವುದು) ಕಡಿಮೆ ಅಂತ ತನ್ನದೇ ಬುಟ್ಟಿಗೆ ಬಾಲ್ ಎಸೆದ, ಪುಣ್ಯಾತ್ಮ! ಆ ರೀಬೌಂಡ್ ಲೆಕ್ಕಕ್ಕೆ ಬರಲಿಲ್ಲ, ಅವನದೇ ಕ್ಲೀವ್‌ಲ್ಯಾಂಡ್ ತಂಡ ದಂಡವನ್ನೂ ಹಾಕಿತು.

ನಮ್ಮ ತುಮಕೂರಿನ ಕಾಲೇಜು ಮ್ಯಾಚುಗಳಲ್ಲೂ ಜನ ಕೇಳುವುದು ‘ಎಷ್ಟು ಹೊಡೆದ’ ಅಂತಲೇ. ನೀವು ಸುಮ್ನೆ ಸ್ಕೋರ್ ಬಿಟ್ಟು ಬೇರೆ ನೋಡಿ. ಇಬ್ಬರು ಮುತ್ತಿಕೊಂಡಾಗ ವೆಂಬನ್ಯಾಮಾ ಖಾಲಿ ನಿಂತವನಿಗೆ ಬಾಲ್ ಕೊಡುತ್ತಾನಾ? ಶಾಟ್ ತಪ್ಪಿದ ಮೇಲೆ ಹಿಂದಕ್ಕೆ ಓಡುತ್ತಾನಾ, ಇಲ್ಲ ರೆಫರಿ ಮುಖ ನೋಡುತ್ತಾ ನಿಲ್ಲುತ್ತಾನಾ? ಬ್ಲಾಕ್ ಮಾಡಿದ ಬಾಲನ್ನು ಪ್ರೇಕ್ಷಕರ ಕಡೆ ಬಾರಿಸಿದರೆ ಚಪ್ಪಾಳೆ ಜಾಸ್ತಿ, ಬಾಲ್ ಮಾತ್ರ ಮತ್ತೆ ಎದುರಾಳಿಗೇ. ಹಿಂದೆ ಬಿಲ್ ರಸೆಲ್ ಅದನ್ನು ತನ್ನವರ ಕೈಗೇ ತಟ್ಟುತ್ತಿದ್ದ. 13 ಸೀಸನ್ನಿಗೆ 11 ಚಾಂಪಿಯನ್‌ಶಿಪ್ ಗೆದ್ದವನು ಅವನು.