ಸೂತ್ರಕ್ಕಿಂತ ಮೊದಲು ಗೋಳವನ್ನು ಸೀಳಿ ತೋರಿಸಿ

ಮಾನ್ಯರೇ,

ಗೋಳಾಕಾರದ ಒತ್ತಡ ಪಾತ್ರೆಗಳ ಗೋಡೆಯಲ್ಲಿ ಉಂಟಾಗುವ ಸ್ಟ್ರೆಸ್ (ಪ್ರತಿ ಚದರಳತೆಯ ಮೇಲೆ ಬೀಳುವ ಬಲ) ಕುರಿತು ನೀವು ಕುಮಟಾದಿಂದ ಕಳಿಸಿದ ಲೇಖನವನ್ನು ಶಿರಸಿಯ ನಮ್ಮ ಸಂಪಾದಕ ಬಳಗದಲ್ಲಿ ಎಲ್ಲರೂ ಓದಿದ್ದೇವೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಇಂಥ ವಿಷಯವನ್ನು ಕನ್ನಡದಲ್ಲಿ ಬರೆಯಲು ಮುಂದಾಗುವವರು ತೀರ ವಿರಳವಾದ್ದರಿಂದ, ನೀವು ತಿದ್ದಿ ಮರಳಿ ಕಳಿಸಬೇಕೆಂಬ ಆಸೆಯಿಂದಲೇ ಕೊರತೆಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತಿದ್ದೇನೆ.

ಪೀಠಿಕೆಯಲ್ಲಿ ಗ್ರಹಗಳು, ಮಳೆಹನಿ, ಸೋಪಿನ ಗುಳ್ಳೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದೀರಿ. ಗ್ರಹಗಳು ದುಂಡಗಿರುವುದು ಗುರುತ್ವದಿಂದ. ಅವಕ್ಕೂ ನಿಮ್ಮ ಪಾತ್ರೆಗೂ ಸಂಬಂಧವಿಲ್ಲ. ಗುಳ್ಳೆಯೊಂದನ್ನು ಮಾತ್ರ ಉಳಿಸಿಕೊಳ್ಳಿ, ಏಕೆಂದರೆ ಒಳಗಿನ ಗಾಳಿಯ ಒತ್ತಡವನ್ನು ತೆಳುವಾದ ಪೊರೆಯ ಎಳೆತ ತಡೆದು ನಿಲ್ಲಿಸುವ ಲೆಕ್ಕ ಅಲ್ಲಿಯೂ ಇದೇ ಬಗೆಯದು.

ಮುಖ್ಯ ದೋಷ ಮೂರನೆಯ ಪುಟದಲ್ಲಿದೆ. ಒಳತ್ರಿಜ್ಯ 5 ಮೀಟರ್, ಗೋಡೆಯ ದಪ್ಪ 40 ಮಿಲಿಮೀಟರ್, ಒಳಗಿನ ಒತ್ತಡ 1.5 ಮೆಗಾಪಾಸ್ಕಲ್ (ಒಂದು ಮೆಗಾಪಾಸ್ಕಲ್ ಎಂದರೆ ಚದರ ಮಿಲಿಮೀಟರಿಗೆ ಒಂದು ನ್ಯೂಟನ್ ಬಲ) ಇರುವ ಉಕ್ಕಿನ ಗೋಳಕ್ಕೆ ನೀವು 187.5 ಮೆಗಾಪಾಸ್ಕಲ್ ಸ್ಟ್ರೆಸ್ ಬರೆದಿದ್ದೀರಿ. ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ದಪ್ಪದ ಎರಡರಷ್ಟರಿಂದ ಭಾಗಿಸುವಲ್ಲಿ, ತ್ರಿಜ್ಯದ ಜಾಗಕ್ಕೆ ವ್ಯಾಸ ಬಂದಿದೆ. ಸರಿಯುತ್ತರ 93.75. ನಿಮ್ಮ ಅಂಕಿ ಅದೇ ಅಳತೆಯ ಸಿಲಿಂಡರಿನ ಸುತ್ತಳತೆಯ ದಿಕ್ಕಿನ ಸ್ಟ್ರೆಸ್ಸಿಗೆ ಸಮವಾಗಿರುವುದರಿಂದ, ಗೋಳದ ಗೋಡೆಗೆ ಅದರ ಅರ್ಧದಷ್ಟೇ ಹೊರೆ ಎಂದು ಮುಂದಿನ ಪುಟದಲ್ಲಿ ನೀವೇ ಹೇಳುವ ಮಾತನ್ನು ನಿಮ್ಮದೇ ಉದಾಹರಣೆ ಸುಳ್ಳು ಮಾಡುತ್ತದೆ.

ಇಂಥ ತಪ್ಪು ನುಸುಳುವುದು ಸೂತ್ರವನ್ನು ಮಾತ್ರ ಕೊಟ್ಟು, ಅದು ಹುಟ್ಟುವ ಬಗೆಯನ್ನು ಬಿಟ್ಟಾಗ. ಗೋಳವನ್ನು ನಡುವೆ ಅಡ್ಡಲಾಗಿ ಸೀಳಿ, ಒಂದು ಅರ್ಧವನ್ನು ಓದುಗರ ಮುಂದಿಡಿ. ಒಳಮೈಯ ಮೇಲೆ ಒತ್ತಡ ಎಲ್ಲ ದಿಕ್ಕಿಗೂ ತಳ್ಳುತ್ತಿರುವಾಗ ಒಟ್ಟು ಬಲವನ್ನು ಬಾಗಿದ ಮೈಯ ವಿಸ್ತೀರ್ಣದಿಂದ ಏಕೆ ಲೆಕ್ಕ ಹಾಕಬಾರದು ಎಂಬಲ್ಲಿಯೇ ವಿದ್ಯಾರ್ಥಿಗಳು ಎಡವುತ್ತಾರೆ. ಆ ಪ್ರಶ್ನೆಯನ್ನು ನೀವು ಎತ್ತಿಯೇ ಇಲ್ಲ. ಸೀಳಿದ ಅರ್ಧಕ್ಕೆ ಚಪ್ಪಟೆ ಮುಚ್ಚಳ ಹಾಕಿ ಅನಿಲ ತುಂಬಿದರೆ ಆ ಪಾತ್ರೆ ತನ್ನಷ್ಟಕ್ಕೆ ಎತ್ತಲೂ ಜಿಗಿಯುವುದಿಲ್ಲ. ಅಂದಮೇಲೆ ಬಾಗಿದ ಮೈಯ ಮೇಲಿನ ಒಟ್ಟು ತಳ್ಳುವಿಕೆ ಚಪ್ಪಟೆ ಮುಚ್ಚಳದ ಮೇಲಿನದಕ್ಕೆ ಸಮವಾಗಿರಲೇಬೇಕು. ನಿಮ್ಮ ಗೋಳದಲ್ಲಿ ಅದು ಸುಮಾರು 11.78 ಕೋಟಿ ನ್ಯೂಟನ್, ಎಂದರೆ ಹೆಚ್ಚುಕಡಿಮೆ 12,000 ಟನ್ ಭಾರಕ್ಕೆ ಸಮ. ಇಷ್ಟನ್ನೂ ಹಿಡಿದಿಡುವುದು ಸೀಳಿದ ಅಂಚಿನಲ್ಲಿ ಕಾಣುವ 40 ಮಿಲಿಮೀಟರ್ ಅಗಲದ ಉಕ್ಕಿನ ಬಳೆ ಮಾತ್ರ. ಈ ಬಲವನ್ನು ಆ ಬಳೆಯ ವಿಸ್ತೀರ್ಣದಿಂದ ಭಾಗಿಸಿದರೆ 93.75 ತಾನಾಗಿ ಬರುತ್ತದೆ, ಮತ್ತು ಗೋಳವನ್ನು ಕೇಂದ್ರದ ಮೂಲಕ ಎತ್ತ ಸೀಳಿದರೂ ಅದೇ ಉತ್ತರ ಬರುವುದೂ ಓದುಗರಿಗೆ ಕಾಣುತ್ತದೆ.

ಎಲ್ಲ ದಿಕ್ಕಿಗೂ ಸ್ಟ್ರೆಸ್ ಸಮವಾದ್ದರಿಂದ ಗೋಡೆಯಲ್ಲಿ ಶಿಯರ್ ಸ್ಟ್ರೆಸ್ (ಪದರದ ಮೇಲೆ ಪದರವನ್ನು ಜಾರಿಸುವಂಥ ಸ್ಟ್ರೆಸ್) ಇಲ್ಲವೇ ಇಲ್ಲ ಎಂದಿದ್ದೀರಿ. ಅದು ಗೋಡೆಯ ಮೇಲ್ಮೈಯ ತಲದಲ್ಲಿ ಮಾತ್ರ ನಿಜ. ದಪ್ಪದ ಮೂಲಕ 45 ಡಿಗ್ರಿ ಓರೆಯಾಗಿ ನೋಡಿದರೆ ಹೊರಮೈಯಲ್ಲಿ ಸುಮಾರು 46.9, ಒಳಮೈಯಲ್ಲಿ ಒತ್ತಡವೂ ಸೇರಿ 47.6 ಮೆಗಾಪಾಸ್ಕಲ್ ಶಿಯರ್ ಇದೆ. ಉಕ್ಕು ಮಣಿಯುವುದು ಶಿಯರಿನಿಂದಲೇ ಆದ್ದರಿಂದ ಈ ವಾಕ್ಯವನ್ನು ಹಾಗೆಯೇ ಬಿಡುವಂತಿಲ್ಲ.

ಅಂಕೋಲಾ–ಕಾರವಾರ ನಡುವೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಓಡಾಡುವ ಅನಿಲದ ಟ್ಯಾಂಕರುಗಳನ್ನು ಗೋಳದ ಉದಾಹರಣೆಯಾಗಿ ಕೊಟ್ಟಿರುವುದನ್ನು ತೆಗೆಯಿರಿ. ಅವು ಉಬ್ಬಿದ ತುದಿಗಳಿರುವ ಸಿಲಿಂಡರುಗಳು.

ಕೈಗಾ ಅಣುವಿದ್ಯುತ್ ಸ್ಥಾವರದ ಗುಮ್ಮಟದ ವಿಚಾರ ಇನ್ನೂ ಗಂಭೀರವಾದದ್ದು. ಅದು ಗೋಳದ ಭಾಗವಾದ್ದರಿಂದ ಇದೇ ಸೂತ್ರ ನೇರವಾಗಿ ಅನ್ವಯಿಸುತ್ತದೆ ಎಂದು ಬರೆದಿದ್ದೀರಿ. ನಮ್ಮ ಜಿಲ್ಲೆಯ ಓದುಗರು ಆ ಸಾಲನ್ನು ಗಮನವಿಟ್ಟು ಓದುತ್ತಾರೆ. 1994ರ ಮೇ 13ರಂದು ಅಲ್ಲಿ ಕಟ್ಟುತ್ತಿದ್ದ ಒಳಗುಮ್ಮಟದ ಕಾಂಕ್ರೀಟು ಪದರವಾಗಿ ಬಿಟ್ಟು ಕೆಳಗೆ ಬಿದ್ದಾಗ ಒಳಗೆ ಯಾವ ಅನಿಲದ ಒತ್ತಡವೂ ಇರಲಿಲ್ಲ. ಕಾಂಕ್ರೀಟಿನೊಳಗೆ ಬಾಗಿದ ದಾರಿಯಲ್ಲಿ ಹಾಯ್ದ ಉಕ್ಕಿನ ಕೇಬಲ್‌ಗಳನ್ನು ಬಿಗಿದಾಗ ಗೋಡೆಯ ದಪ್ಪದ ದಿಕ್ಕಿನಲ್ಲಿ ಎಳೆತ ಹುಟ್ಟುತ್ತದೆ, ಕಾಂಕ್ರೀಟಿಗೆ ಎಳೆತ ತಾಳುವ ಶಕ್ತಿ ಬಹಳ ಕಡಿಮೆ. ಆ ಕುಸಿತದ ಅಧ್ಯಯನಗಳಲ್ಲಿ ಇದು ಮುಖ್ಯ ಕಾರಣವಾಗಿ ಬಂದಿದೆ. ನೀವು ಬಳಸಿರುವ ತೆಳುಗೋಡೆಯ ಸೂತ್ರ ನಗಣ್ಯವೆಂದು ಕೈಬಿಡುವುದು ಈ ದಿಕ್ಕಿನ ಸ್ಟ್ರೆಸ್ಸನ್ನೇ. ತ್ರಿಜ್ಯ ದಪ್ಪದ 10 ಪಟ್ಟಾದರೂ ಇರುವ, ಒಳಗಿನಿಂದ ಒತ್ತಡ ಬೀಳುವ ಲೋಹದ ಗೋಡೆಗೆ ಹಾಗೆ ಕೈಬಿಡುವುದು ಸರಿ. ನಿಮ್ಮ ಗೋಳದಲ್ಲಿ ಅದು 125 ಪಟ್ಟಿದೆ. ಕೈಗಾದ ಪ್ರಸ್ತಾಪವನ್ನು ಸೂತ್ರದ ಎಲ್ಲೆ ಎಲ್ಲಿ ಮುಗಿಯುತ್ತದೆ ಎಂದು ತೋರಿಸಲು ಬಳಸಿದರೆ ಅದೇ ಲೇಖನದ ಅತ್ಯಂತ ಬೆಲೆಯುಳ್ಳ ಭಾಗವಾದೀತು.

ಬೆಸುಗೆಯ ಜೋಡಣೆಗಳ ಬಲ, ನೀರು ತುಂಬಿ ಪರೀಕ್ಷಿಸುವ ಹಂತ ಎರಡಕ್ಕೂ ಒಂದೊಂದು ವಾಕ್ಯ ಸಾಕು. ನಿಮ್ಮ ಗೋಳದಲ್ಲಿ ಸುಮಾರು 523 ಟನ್ ನೀರು ಹಿಡಿಯುತ್ತದೆ, ತಳದಲ್ಲಿ ಅದು 0.1 ಮೆಗಾಪಾಸ್ಕಲ್‌ನಷ್ಟು ಹೆಚ್ಚುವರಿ ಒತ್ತಡ ಹಾಕುತ್ತದೆ, ಅಷ್ಟೂ ಭಾರ ಕಾಲುಗಳ ಮೇಲೆ ನಿಲ್ಲುತ್ತದೆ ಎಂಬುದನ್ನು ಮರೆಯದಿರಿ.

ಸೀಳಿದ ಅರ್ಧಗೋಳದ ಚಿತ್ರವನ್ನು ಪೆನ್ಸಿಲಿನಲ್ಲಿ ಬರೆದು ಕಳಿಸಿದರೂ ಸಾಕು, ಅಚ್ಚಿಗೆ ತಕ್ಕಂತೆ ನಾವು ಬರೆಸಿಕೊಳ್ಳುತ್ತೇವೆ. ಬಲದ ಬಾಣಗಳು ಮಾತ್ರ ಯಾವ ದಿಕ್ಕಿಗಿವೆ ಎಂಬುದು ಸ್ಪಷ್ಟವಾಗಿರಲಿ.

ಇತಿ,
ಸಂಪಾದಕರು