ಗಾಡಿ ನೋಡದೆ ರೇಟು ಹೇಳಬೇಡಿ

ಕಾರ್ ಡೀಟೇಲಿಂಗ್‌ಗೆ, ಅಂದರೆ ಗಾಡಿಯನ್ನು ಒಳಗೂ ಹೊರಗೂ ತೊಳೆದು ಪಾಲಿಶ್ ಮಾಡಿ ಹೊಳೆಯಿಸುವ ಕೆಲಸಕ್ಕೆ, ಹೊಸದಾಗಿ ಇಳಿದವರಿಂದ ಬಂದ ಪತ್ರಗಳಲ್ಲಿ ಈ ಸಲ ಕೆಲವನ್ನು ಆರಿಸಿಕೊಂಡಿದ್ದೇವೆ. ಹೆಚ್ಚಿನವು ದರದ ತಲೆನೋವೇ.

ಪ್ರಶ್ನೆ: ವಾಟರ್ ವಾಶ್‌ನಲ್ಲಿ ಕೆಲಸ ಕಲಿತು ಈಗ ಸ್ವಂತಕ್ಕೆ ಶುರು ಮಾಡಿದ್ದೇನೆ. ಡಿಎ ಪಾಲಿಶರ್ (ಪ್ಯಾಡ್ ತಿರುಗುತ್ತಲೇ ಅಲುಗಾಡುವ ಪಾಲಿಶ್ ಮಷಿನ್) ಇದೆ. ಸಣ್ಣ ಕಾರಿನ ಪೇಂಟ್ ಪಾಲಿಶ್‌ಗೆ ಎಷ್ಟು ಕೇಳಬೇಕು ಸರ್? ಒಬ್ಬರು 1,500 ಅಂತಾರೆ, ಇನ್ನೊಬ್ಬರು 8,000 ಅಂತಾರೆ.
— ತಿಪಟೂರಿನ ಓದುಗರು

ಉತ್ತರ: ಇಬ್ಬರೂ ಸುಳ್ಳು ಹೇಳಿಲ್ಲ, ಇಬ್ಬರದೂ ಬೇರೆ ಬೇರೆ ಕೆಲಸ. ಊರಿನ ರೇಟು ವಿಚಾರಿಸುವ ಮುಂಚೆ ನಿಮ್ಮ ಒಂದು ಗಂಟೆಯ ಬೆಲೆ ಕಟ್ಟಿಕೊಳ್ಳಿ.

ಮನೆಗೆ ತಿಂಗಳಿಗೆ 30,000 ಬೇಕು ಅಂದುಕೊಳ್ಳೋಣ. ಶೆಡ್ಡಿನ ಬಾಡಿಗೆ, ಕರೆಂಟು, ನೀರು, ಫೋನು ಸೇರಿ 9,000. ಪಾಲಿಶರ್, ಪ್ರೆಶರ್ ವಾಶರ್, ವ್ಯಾಕ್ಯೂಮ್ ಮೂರಕ್ಕೂ 36,000 ಹಾಕಿದ್ದರೆ, ಎರಡು ವರ್ಷಕ್ಕೆ ಹಂಚಿದಾಗ ತಿಂಗಳಿಗೆ 1,500. ಒಟ್ಟು 40,500. ಇದನ್ನು ತಿಂಗಳ ಎಲ್ಲ ಗಂಟೆಗಳಿಂದ ಭಾಗಿಸಿದಿರೋ, ಕೆಟ್ಟಿರಿ. ಶುರುವಿನಲ್ಲಿ ದಿನಾ ಗಾಡಿ ಬರುವುದಿಲ್ಲ. 15 ದಿನ, ದಿನಕ್ಕೆ 6 ಗಂಟೆ ದುಡ್ಡು ಹುಟ್ಟುವ ಕೆಲಸ ಸಿಕ್ಕರೆ 90 ಗಂಟೆ. ಗಂಟೆಗೆ 450 ಬಿತ್ತು.

ಇನ್ನು ಗಂಟೆ ಎಷ್ಟು ಬೇಕು ಅನ್ನುವುದು. ಇದಕ್ಕೆ ಬಾನೆಟ್ ಮೇಲೆ ಟೆಸ್ಟ್ ಸ್ಪಾಟ್ (ಸಣ್ಣ ಜಾಗದಲ್ಲಿ ಪಾಲಿಶ್ ಮಾಡಿ ನೋಡುವುದು) ಮಾಡದೆ ಬೇರೆ ದಾರಿಯಿಲ್ಲ. ಗಾಡಿ ತೊಳೆದು, ಒರೆಸಿ, ನೆರಳಲ್ಲಿ ನಿಲ್ಲಿಸಿ. ಕೈ ಇಟ್ಟರೆ ತಣ್ಣಗಿರಬೇಕು, ಬಿಸಿ ಶೀಟಿನ ಮೇಲೆ ಕಾಂಪೌಂಡ್ (ಗೆರೆ ಸವೆಸುವ ಒರಟು ಪೇಸ್ಟ್) ಒಣಗಿ ಪುಡಿಯಾಗುತ್ತದೆ. 50 ಸೆಂ.ಮೀ. ಉದ್ದ, ಅಷ್ಟೇ ಅಗಲದ ಜಾಗಕ್ಕೆ ಟೇಪ್ ಹಚ್ಚಿ. ಮೊದಲು ಮೆತ್ತನೆಯ ಫೋಮ್ ಪ್ಯಾಡ್, ಫೈನ್ ಪಾಲಿಶ್. ಕಡಲೆಕಾಳಿನಷ್ಟು ನಾಲ್ಕು ಹನಿ ಸಾಕು. ಅಡ್ಡ, ಉದ್ದ, ಮತ್ತೆ ಅಡ್ಡ, ಉದ್ದ ನಿಧಾನಕ್ಕೆ ಓಡಿಸಿ. ಆಮೇಲೆ ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಎರಡು ಪಾಲು ನೀರು ಬೆರೆಸಿ ಒರೆಸಿ, ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಈ ಒರೆಸುವುದನ್ನು ಬಿಟ್ಟರೆ ಪಾಲಿಶ್‌ನ ಎಣ್ಣೆ ಗೆರೆಗಳಲ್ಲಿ ತುಂಬಿಕೊಂಡು ನಿಮ್ಮನ್ನೇ ಏಮಾರಿಸುತ್ತದೆ. ಜೇಡರ ಬಲೆಯಂಥ ಗೆರೆಗಳು ಸಾಕಷ್ಟು ಹೋಗಿದ್ದರೆ ಒಂದೇ ಸುತ್ತಿನ ಕೆಲಸ. ಹೋಗದಿದ್ದರೆ ಮೈಕ್ರೊಫೈಬರ್ ಪ್ಯಾಡಿನಲ್ಲಿ ಕಾಂಪೌಂಡ್, ಅದರ ಮೇಲೆ ಫೈನ್ ಪಾಲಿಶ್. ಅಂದರೆ ಎರಡು ಸುತ್ತು.

ಆ ಒಂದು ಚೌಕಕ್ಕೆ, ಒರೆಸುವುದೂ ಸೇರಿ, ಎಷ್ಟು ಹೊತ್ತು ಹಿಡಿಯಿತು? 8 ನಿಮಿಷ ಅನ್ನಿ. ಸಣ್ಣ ಕಾರಿನ ಮೈಯಲ್ಲಿ ಇಂಥ ಚೌಕಗಳು ಸುಮಾರು 35. ಅಲ್ಲಿಗೆ 280 ನಿಮಿಷ. ತೊಳೆಯುವುದು, ಟಾರ್ ತೆಗೆಯುವುದು, ಕ್ಲೇ (ಅಂಟಿದ ಕೊಳೆ ಎತ್ತುವ ಜೇಡಿಯಂಥ ಮುದ್ದೆ) ಉಜ್ಜುವುದು, ಟೇಪ್ ಹಚ್ಚುವುದು 2 ಗಂಟೆ. ಕೊನೆಯಲ್ಲಿ ಸಂದಿಯ ಪುಡಿ ತೆಗೆದು, ಗಾಜು, ಟೈರು ಮುಗಿಸಲು 50 ನಿಮಿಷ. ಒಟ್ಟು ಏಳೂವರೆ ಗಂಟೆ, ಕೂಲಿ 3,375.

ಸಾಮಾನಿನ ಲೆಕ್ಕವನ್ನು ನೀವು ಕೊಂಡ ಬಿಲ್ಲಿನ ಮೇಲೆ ಹಾಕಿ. ಉದಾಹರಣೆಗೆ ಲೀಟರಿಗೆ 1,800ರ ಪಾಲಿಶ್‌ನಲ್ಲಿ 80 ಮಿ.ಲೀ. ಖರ್ಚಾದರೆ 144. ತಲಾ 450ರ ನಾಲ್ಕು ಪ್ಯಾಡು ಎಂಟು ಗಾಡಿಗೆ ಬಂದರೆ, ಗಾಡಿಗೆ 225. ಕ್ಲೇ, ಶಾಂಪೂ, ಟೇಪು, ಆಲ್ಕೋಹಾಲ್, ಬಟ್ಟೆ ಎಲ್ಲ ಸೇರಿ ಇನ್ನೊಂದು 155. ಹತ್ತಿರ ಹತ್ತಿರ 525. ಕೂಲಿಗೆ ಕೂಡಿಸಿದರೆ 3,900. ಎರಡು ಸುತ್ತಾದರೆ ಇನ್ನೊಂದು 280 ನಿಮಿಷ ಸೇರಿ 12 ಗಂಟೆ ದಾಟುತ್ತದೆ, ಸಾಮಾನೂ 850ರ ಹತ್ತಿರ ಹೋಗುತ್ತದೆ. ರೇಟು ಸುಮಾರು 6,300.

‘ಸಣ್ಣ ಕಾರು ಇಷ್ಟು, ದೊಡ್ಡ ಕಾರು ಅಷ್ಟು’ ಎಂಬ ಬೋರ್ಡು ತೊಳೆಯುವುದಕ್ಕೆ ಸರಿ. ಪಾಲಿಶ್‌ಗೆ ಅದು ನಡೆಯುವುದಿಲ್ಲ. ಬೆಳಗ್ಗೆ ಬೆಳಗ್ಗೆ ಒಂದೇ ಬಕೆಟ್ಟು, ಒಂದೇ ಬಟ್ಟೆಯಲ್ಲಿ ಒರೆಸಿಸಿಕೊಂಡ ಕಪ್ಪು ಬಣ್ಣದ ಸಣ್ಣ ಕಾರು, ಚೆನ್ನಾಗಿ ನೋಡಿಕೊಂಡ ಬಿಳಿ ದೊಡ್ಡ ಗಾಡಿಗಿಂತ ಜಾಸ್ತಿ ಹೊತ್ತು ತಿನ್ನುತ್ತದೆ. ಬೋರ್‌ವೆಲ್ ನೀರು ಒಣಗಿ ಕಚ್ಚಿಕೊಂಡ ಕಲೆ ಇದ್ದರಂತೂ ಕೇಳಲೇಬೇಡಿ.

ಪ್ರಶ್ನೆ: ಹಿಂದಿನ ಡೋರಿನ ಅಂಚಿನಲ್ಲಿ ಕಾಂಪೌಂಡ್ ಹೊಡೆಯುವಾಗ ಬಣ್ಣವೇ ಎದ್ದಿತು. ಗಿರಾಕಿ ಇಡೀ ಡೋರ್ ಪೇಂಟ್ ಮಾಡಿಸಿಕೊಡಿ ಅನ್ನುತ್ತಿದ್ದಾರೆ. ತಪ್ಪು ಯಾರದು?
— ಹಾವೇರಿಯ ಓದುಗರು

ಉತ್ತರ: ಪೇಂಟಿನ ಸ್ಥಿತಿಯನ್ನು ಮೊದಲೇ ಬರೆದು ತೋರಿಸಿರದಿದ್ದರೆ ನಿಮ್ಮದೇ ಅನ್ನಬೇಕಾಗುತ್ತದೆ. ಕಂಪನಿ ಪೇಂಟಿನ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು). ಅದರಲ್ಲಿ ಮೇಲಿನ ಬಣ್ಣವಿಲ್ಲದ ಪದರ, ಅಂದರೆ ಕ್ಲಿಯರ್ ಕೋಟ್, ಬರೀ 35ರಿಂದ 50. ನಮ್ಮ ಕೆಲಸವೆಲ್ಲ ಆ ತೆಳು ಪದರದಲ್ಲೇ, ಅದರಲ್ಲೂ ಮೇಲಿನ ಸ್ವಲ್ಪ ಭಾಗದಲ್ಲಿ. ಅಂಚು, ಬಾಡಿ ಲೈನುಗಳ ಮೇಲೆ ಪೇಂಟ್ ಇನ್ನೂ ತೆಳು, ಜೊತೆಗೆ ಪ್ಯಾಡಿನ ಭಾರವೆಲ್ಲ ಆ ಗೆರೆಯ ಮೇಲೇ ಬಿದ್ದು ಬಿಸಿ ಏರುತ್ತದೆ. ಅಲ್ಲಿಗೆ ಟೇಪ್ ಹಚ್ಚಿ, ಕೊನೆಗೆ ಟೇಪ್ ತೆಗೆದು ಕೈಯಲ್ಲೇ ಉಜ್ಜಿ.

ಪೇಂಟ್ ಥಿಕ್‌ನೆಸ್ ಗೇಜ್ (ಪೇಂಟಿನ ದಪ್ಪ ಅಳೆಯುವ ಮೀಟರು) ಕೊಳ್ಳಿ. ಒಂದು ಡೋರಿನಲ್ಲಿ 110, ಪಕ್ಕದ್ದರಲ್ಲಿ 260 ಬಂದರೆ ಆ ಎರಡನೆಯದು ರೀಪೇಂಟ್. 500 ದಾಟಿದರೆ ಒಳಗೆ ಡೆಂಟ್ ತುಂಬಿದ ಪುಟ್ಟಿ ಇದೆ ಅಂತಲೇ ಲೆಕ್ಕ. 80ಕ್ಕಿಂತ ಕಡಿಮೆ ಬಂದಲ್ಲಿ ಕಾಂಪೌಂಡ್ ಮುಟ್ಟಬೇಡಿ. ಒಂದು ಎಚ್ಚರ: ಸಾಮಾನ್ಯ ಗೇಜ್ ಪ್ಲಾಸ್ಟಿಕ್ ಬಂಪರ್ ಮೇಲೆ ಓದುವುದಿಲ್ಲ, ಅಲ್ಲಿ ಕಣ್ಣೇ ಗತಿ. ಕ್ಲಿಯರ್ ಕೋಟ್ ಇರುವ ಗಾಡಿಯಲ್ಲಿ ಪ್ಯಾಡಿಗೆ ಕಾರಿನ ಬಣ್ಣ ಹತ್ತಿತೆಂದರೆ ತಕ್ಷಣ ನಿಲ್ಲಿಸಿ. ಕ್ಲಿಯರ್ ಕೋಟ್ ಇಲ್ಲದ ಹಳೆಯ ಸಿಂಗಲ್ ಸ್ಟೇಜ್ ಪೇಂಟಿನಲ್ಲಿ ಮಾತ್ರ ಅದು ಮಾಮೂಲು.

ಉಗುರು ಸಿಕ್ಕಿಕೊಳ್ಳುವ ಸ್ಕ್ರ್ಯಾಚ್ ಪಾಲಿಶ್‌ನಲ್ಲಿ ಹೋಗುವುದಿಲ್ಲ ಎಂದು ಗಾಡಿ ಒಳಗೆ ತಗೊಳ್ಳುವಾಗಲೇ ಹೇಳಿ, ಫೋಟೋ ತೆಗೆದು, ಚೀಟಿಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಪ್ರತಿ ಬಿಲ್ಲಿನಲ್ಲಿ ನೂರಕ್ಕೆ ಐದು ರೂಪಾಯಿ ಇಂಥ ಅವಘಡಕ್ಕೆಂದೇ ಎತ್ತಿಡಿ. ಮೇಲಿನ ಉತ್ತರದ ಲೆಕ್ಕದಲ್ಲಿ ಅದು ಸೇರಿಲ್ಲ. ಸದ್ಯಕ್ಕೆ ಆ ಡೋರ್ ಪೇಂಟ್ ಮಾಡಿಸಿಕೊಡಿ. ಸಣ್ಣ ಊರು, ಮಾತು ಬೇಗ ಹಬ್ಬುತ್ತದೆ.

ಪ್ರಶ್ನೆ: ‘ಪಕ್ಕದ ಬೀದೀಲಿ 800ಕ್ಕೆ ರಬ್ಬಿಂಗ್ ಮಾಡ್ತಾರಲ್ಲ’ ಅಂತ ಚೌಕಾಸಿ ಮಾಡುತ್ತಾರೆ. ಇಳಿಸಲೇ?
— ಮಂಡ್ಯದ ಓದುಗರು

ಉತ್ತರ: ರೇಟು ಇಳಿಸುವುದಾದರೆ ಕೆಲಸವನ್ನೂ ಇಳಿಸಿ. ‘ಬಾನೆಟ್, ಎರಡು ಮುಂದಿನ ಡೋರ್ ಮಾತ್ರ ಮಾಡಿಕೊಡ್ತೀನಿ, 1,500 ಕೊಡಿ’ ಅನ್ನಬಹುದು. ಒಂದು ಗಂಟೆಯಲ್ಲಿ ಮುಗಿಯುವ ರಬ್ಬಿಂಗ್‌ನಲ್ಲಿ ಗೆರೆ ಹೋಗಿರುವುದಿಲ್ಲ, ವ್ಯಾಕ್ಸ್ ತುಂಬಿ ಮುಚ್ಚಿರುತ್ತದೆ. ಕೆಲವು ವಾಶ್ ಆದ ಮೇಲೆ ಮತ್ತೆ ಎದ್ದು ಕಾಣುತ್ತದೆ. ರೋಟರಿ ಮಷಿನ್ (ಒಂದೇ ಸಮ ಗಿರಗಿರ ತಿರುಗುವ ಪಾಲಿಶರ್) ಓಡಿಸಿದ್ದರೆ ಬಿಸಿಲಲ್ಲಿ ಹೊಗೆ ಸುತ್ತಿದಂಥ ಗುರುತೂ ಉಳಿದಿರಬಹುದು. ಬಾಯಲ್ಲಿ ವಾದ ಮಾಡಬೇಡಿ, ಟೆಸ್ಟ್ ಸ್ಪಾಟಿನ ಅರ್ಧಕ್ಕೆ ಟೇಪ್ ಹಚ್ಚಿ ಅರ್ಧ ಪಾಲಿಶ್ ಮಾಡಿ, ಟೇಪ್ ಕಿತ್ತು ತೋರಿಸಿ. ಆಮೇಲೂ 800ಕ್ಕೇ ಬೇಕು ಅಂದರೆ ಅವರು ಪಕ್ಕದ ಬೀದಿಯ ಗಿರಾಕಿ, ಬಿಟ್ಟುಬಿಡಿ.

ಪ್ರಶ್ನೆ: ಬಿಲ್ಲಿಗೆ ಜಿಎಸ್‌ಟಿ ಹಾಕಬೇಕೇ?
— ದಾವಣಗೆರೆಯ ಓದುಗರು

ಉತ್ತರ: ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟುವವರೆಗೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದೆ ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವ ಹಾಗಿಲ್ಲ. ಆದರೆ ನೀವು ಸಾಮಾನು ಕೊಳ್ಳುವಾಗ ಕಟ್ಟಿದ ತೆರಿಗೆ ವಾಪಸು ಬರುವುದಿಲ್ಲವಾದ್ದರಿಂದ ಅದನ್ನು ಸಾಮಾನಿನ ಖರ್ಚಿನಲ್ಲೇ ಸೇರಿಸಿ.

ಪ್ರಶ್ನೆ: ಒಳಗಿನ ಕ್ಲೀನಿಂಗ್‌ಗೂ ಗಂಟೆ ಲೆಕ್ಕವೇ?
— ಕುಂದಾಪುರದ ಓದುಗರು

ಉತ್ತರ: ಹೌದು. ಬೀಚಿನ ಮರಳು, ನಾಯಿಯ ಕೂದಲು, ವಾಂತಿ ಇವಕ್ಕೆ ಬೇರೆ ಬೇರೆ ಹೆಚ್ಚುವರಿ ರೇಟು ಮೊದಲೇ ಹೇಳಿ. ನಿಮ್ಮ ಕಡೆ ಮಳೆಗಾಲದಲ್ಲಿ ಸೀಟಿಗೆ ಬೂಷ್ಟು ಹಿಡಿದ ಗಾಡಿ ಬಂದರೆ ಒಣಗಿಸುವುದಕ್ಕೇ ಇನ್ನೊಂದು ದಿನ ಬೇಕು. ಶೆಡ್ಡಿನ ಜಾಗ ಅಷ್ಟು ಹೊತ್ತು ಕಟ್ಟಿಹಾಕಿದ್ದಕ್ಕೂ ದುಡ್ಡು ಕೇಳಿ. ಹಸಿ ಇರುವಾಗಲೇ ಗಾಡಿ ಕೊಟ್ಟರೆ ವಾಸನೆ ವಾರದೊಳಗೆ ವಾಪಸು ಬರುತ್ತದೆ, ಹಿಂದೆಯೇ ಗಿರಾಕಿಯೂ ಬರುತ್ತಾರೆ.